ಮಾಳೇಶನ ಎಡಗೈ

ಐಗಳಿಯ ಮಾಳೇಶನಿಗೆ ಬಾಯಿಗಿಂತ ಕೈ ಮುಂದು. ಬೇಕಾದರೆ ಊರಲ್ಲಿ ಯಾರನ್ನಾದರೂ ಕೇಳಿ. ನೀರಿನ ಪಾಳಿಯ ಜಗಳದಲ್ಲಿ ದೊಡ್ಡಪ್ಪನ ಮಗನ ಮುಂದಿನ ಹಲ್ಲು ಉದುರಿಸಿದವನು ಇವನೇ. ಅಥಣಿ ಬಸ್ಸಿನಲ್ಲಿ ಚಿಲ್ಲರೆ ಮಾತಿಗೆ ಕಂಡಕ್ಟರನ ಕಾಲರ್ ಹಿಡಿದು, ಠಾಣೆಯಲ್ಲಿ ಕೂತು ಬಂದವನೂ ಇವನೇ. ಕುರಿ ಕಾಯುವ ಮನೆತನ. ಈಗ ಕುರಿ ಹೋಗಿ ತುಂಡು ಹೊಲ ಮತ್ತು ಒಂದಿಷ್ಟು ಆಡು ಉಳಿದಿವೆ. ಮದುವೆಯ ಹಂಗಾಮಿನಲ್ಲಿ ಬೆಂಜೋ ಪಾರ್ಟಿಯ ಜೊತೆ ಗಿಟಾರ್ ಬಾರಿಸುತ್ತಾನೆ. ಬಾರಿಸುವುದು ಎಂದರೇನು, ಆರೂ ತಂತಿಯನ್ನು ಎಡಗೈಯಲ್ಲಿ ಅದುಮಿ ಹಿಡಿದು ಬಲಗೈಯಿಂದ ರಪರಪ ಬಡಿಯುವುದು! ಮದುವೆಮನೆಯ ಒಂದು ಹಳದಿ, ಅಂದರೆ ಅರಿಶಿಣ ಹಚ್ಚುವ ಕುಣಿತ, ಮುಗಿಯುವುದರೊಳಗೆ ಒಂದಾದರೂ ತಂತಿ ಹರಿಯಲೇಬೇಕು.

ಎಡಚನಾದ ಅವನ ಅದೇ ಎಡಗೈ ಒಂದು ಮಧ್ಯಾಹ್ನ ಹೆಂಡತಿ ಅನುಸೂಯಾಳ ಕಿವಿಯ ಮೇಲೆ ಬಿತ್ತು. ಅವಳು ಮಾಡಿದ ತಪ್ಪಾದರೂ ಏನು? ಬಿಸಿಲಿಗೆ ಹಾಳಾದೀತೆಂದು ಗಿಟಾರನ್ನು ಕಟ್ಟೆಯಿಂದ ಎತ್ತಿ ಒಳಗಿಟ್ಟಿದ್ದಳು. ಇಟ್ಟ ಜಾಗದಲ್ಲಿ ಇಲ್ಲವೆಂದು ಈ ಪುಣ್ಯಾತ್ಮನಿಗೆ ಸಿಟ್ಟು ಬಂತು. ಕಿವಿಯಿಂದ ರಕ್ತ ಬಂತು, ಆ ಕಿವಿ ಮತ್ತೆ ಕೇಳಲಿಲ್ಲ. ಸಣ್ಣಪುಟ್ಟ ಏಟನ್ನೆಲ್ಲ ನುಂಗಿಕೊಂಡಿದ್ದ ಅನುಸೂಯಾ ಈ ಸಲ ಯಾರಿಗೂ ಹೇಳದೆ ಹಾರೂಗೇರಿಯ ಬಸ್ಸು ಹತ್ತಿ ತವರಿಗೆ ಹೋದಳು.

ಮಾಳೇಶ ಕರೆಯಲು ಹೋದಾಗಲೆಲ್ಲ ಅವಳ ಅಣ್ಣ ಲಕ್ಷ್ಮಣ ಬಾಗಿಲಿನಿಂದಲೇ ಅಟ್ಟಿ ಕಳಿಸಿದ. ಕೊನೆಗೆ ಮಾವ ವಿಠೋಬಾ ಹೊರಗೆ ಬಂದು ಕಟ್ಟೆಯ ಮೇಲೆ ಕೂತ.

"ಸಣ್ಣ ಮಗ ಸುಜಯನ ಮದವಿ ಹಳದಿ ಹತ್ರ ಬಂದೈತಿ. ನೀನೂ ಬಾ, ಗಿಟಾರ ಬಾರಿಸು. ಅಳಿಯನ ಅಂಗಿ ಹರಿಲಾರದ ನಮ್ಮ ಮನಿ ಹಳದಿ ಮುಗಿಯೂದಿಲ್ಲ, ಗೊತ್ತೈತಲ್ಲ? ನನ್ನ ಹುಡುಗರ ಹೊಟ್ಟ್ಯಾಗ ನಿನ್ನ ಮ್ಯಾಲ ಬೆಂಕಿ ಐತಿ. ಅವರು ಏನ ಮಾಡಿದ್ರೂ, ಹಾಡು ಮುಗಿಯೂತನಾ ನಿನ್ನ ಕೈ ಯಾರ ಮ್ಯಾಲೂ ಬೀಳಬಾರದು. ಬೀಳಲಿಲ್ಲ ಅಂದ್ರ ಮಗಳನ್ನ ಕರ್ಕೊಂಡ ಹೋಗು. ಬಿತ್ತು ಅಂದ್ರ ಸೋಡಚೀಟಿ. ಸಂಬಂಧ ಅಲ್ಲಿಗೆ ಖತಂ."

"ಹೂನ್ರಿ ಮಾಮಾ," ಎಂದ ಮಾಳೇಶ. ಅನ್ನುವುದೇನೋ ಅಂದ. ಬಸ್ ನಿಲ್ದಾಣಕ್ಕೆ ಬರುವ ದಾರಿಯಲ್ಲೇ, ಗಾಡಿ ಅಡ್ಡ ತಂದ ಒಬ್ಬನ ಮೇಲೆ ಆ ಕೈ ಬಿದ್ದಿತ್ತು!

ನಿಲ್ದಾಣದ ಪಕ್ಕದಲ್ಲಿ ಸುಧೀರನ ಅಂಗಡಿ. ಮುಂಬೈಯ ದೊಡ್ಡ ಹೋಟೆಲುಗಳಲ್ಲಿ ವರ್ಷಗಟ್ಟಲೆ ಗಿಟಾರ್ ಬಾರಿಸಿ, ಈಗ ಹಾರೂಗೇರಿಯಲ್ಲಿ ಸ್ಪೀಕರ್ ರಿಪೇರಿ ಮಾಡುವ ಮನುಷ್ಯ. ಕಡಿದುಹೋದ ವೈರ್‌ಗೆ ಬೆಸುಗೆ ಹಾಕಿಸಲೆಂದು ಊರಿನಿಂದ ತಂದಿದ್ದ ಗಿಟಾರನ್ನು ಮಾಳೇಶ ಅವನಿಗೆ ಕೊಟ್ಟ. ಸುಧೀರ ತಂತಿಗಳ ಗತಿ ನೋಡಿ ಕಿಸಕ್ಕನೆ ನಕ್ಕ. ಅಷ್ಟೇ ಸಾಕಾಯಿತು, ಮಾಳೇಶ ಅವನ ಕುತ್ತಿಗೆ ಹಿಡಿದು ಗೋಡೆಗೆ ಒತ್ತಿದ.

"ಕುತ್ತಿಗಿ ಬಿಡಲೇ," ಎಂದ ಸುಧೀರ, ಉಸಿರು ಸಿಕ್ಕಷ್ಟರಲ್ಲಿ. "ಕೊಲ್ಲೂದು ಆಮ್ಯಾಗ. ಮೊದಲ ಇದನ್ನ ಕೇಳು."

ಬಿಡಿಸಿಕೊಂಡು ಅವನು ಮೂರೇ ತಂತಿಯ ಮೇಲೆ ಬೆರಳಿಟ್ಟು ಮೀಟಿದ. ಮಾಳೇಶ ತನ್ನ ಗಿಟಾರಿನಿಂದ ಅಂಥ ಸದ್ದನ್ನು ಕೇಳಿರಲಿಲ್ಲ. ಕೈ ತಾನಾಗಿ ಇಳಿಯಿತು, ಅವನು ಸ್ಟೂಲಿನ ಮೇಲೆ ಕುಸಿದ. ತನಗಿರುವ ಪರೀಕ್ಷೆಯ ವಿಷಯವನ್ನೆಲ್ಲ ಅಲ್ಲೇ ಹೇಳಿಕೊಂಡ.

"ಹಂಗಾರ ಆ ಕೈಗೆ ಬ್ಯಾರೆ ಕೆಲಸ ಕೊಡೂಣು," ಎಂದ ಸುಧೀರ. "ಆರು ತಂತಿ ಅದುಮಿ ಯಾಕ ಸಾಯ್ತಿ? ದಪ್ಪ ತಂತಿ ಒಂದು, ನಡುವಿನವು ಎರಡು. ಜಾಝ್‌ನ್ಯಾಗ ಅಷ್ಟ ಸಾಕು."

ಹೀಗೆ ಪಾಠ ಶುರುವಾಯಿತು. ಡಿ ಮೈನರ್ ಸೆವೆನ್, ಜಿ ಸೆವೆನ್, ಸಿ ಮೇಜರ್ ಸೆವೆನ್ ಎಂಬ ಮೂರು ಸ್ವರಗುಚ್ಛ. ಹೆಸರು ಕೇಳಿ ಹೆದರಬೇಡಿ, ಕೈಗೆ ಅದು ಸಲೀಸು. ಮೊದಲನೆಯದರಿಂದ ಎರಡನೆಯದಕ್ಕೆ ಹೋಗುವಾಗ ನಡುವಿನ ತಂತಿಗಳಲ್ಲಿ ಒಂದರ ಸ್ವರ ಇದ್ದಲ್ಲೇ ಇರುತ್ತದೆ, ಇನ್ನೊಂದು ಗಿಟಾರಿನ ದಾಂಡಿಯ ಮೇಲೆ ಒಂದೇ ಮನೆ ಹಿಂದಕ್ಕೆ ಸರಿಯುತ್ತದೆ. ಅಲ್ಲಿಂದ ಮೂರನೆಯದಕ್ಕೆ ಹೋಗುವಾಗ ಸರಿದದ್ದು ನಿಲ್ಲುತ್ತದೆ, ನಿಂತದ್ದು ಒಂದು ಮನೆ ಹಿಂದಕ್ಕೆ ಬರುತ್ತದೆ. ಬೆರಳುಗಳ ಆಕಾರವನ್ನು ಮಾಳೇಶ ಬೇಗ ಹಿಡಿದ. ಹೊಲದಲ್ಲಿ ಆಡು ಮೇಯಿಸುತ್ತ ಕೈಯಲ್ಲಿನ ಕೋಲಿನ ಮೇಲೆಯೇ ಬೆರಳು ಆಡಿಸಿ ರೂಢಿ ಮಾಡಿಕೊಂಡ.

ಕಷ್ಟ ಇದ್ದದ್ದು ಬಿಡುವುದರಲ್ಲಿ. ಬಲಗೈ ಮೀಟಿದ ತಕ್ಷಣ ಎಡಗೈ ಸಡಿಲಾಗಬೇಕು. ಬೆರಳು ತಂತಿಯ ಮೇಲೇ ಇರಬೇಕು, ಒತ್ತು ಮಾತ್ರ ಹೋಗಬೇಕು. ಒತ್ತು, ಬಿಡು. ಒತ್ತು, ಬಿಡು. ಒತ್ತಿದ್ದನ್ನು ಬಿಟ್ಟು ಗೊತ್ತಿದ್ದರೆ ತಾನೆ! ಅವನು ಅದುಮಿದ ರಭಸಕ್ಕೆ ಸ್ವರವೇ ಅಪಸ್ವರವಾಗುತ್ತಿತ್ತು. ಒಮ್ಮೆ ಸಿಟ್ಟಿಗೆದ್ದು ಸುಧೀರನ ಸ್ಟೂಲನ್ನು ಗೋಡೆಗೆ ಅಪ್ಪಳಿಸಿ ಮುರಿದ. ಸುಧೀರನೂ ಸಾಧುವಲ್ಲ. ಮುಂದಿನ ಪಾಠದಲ್ಲಿ ಒತ್ತು ಬಿಡದೇ ಹೋದಾಗ ಕಾದ ಬೆಸುಗೆ ಕಡ್ಡಿಯನ್ನು ಮುಂಗೈಗೆ ತಾಗಿಸಿಯೇ ಬಿಟ್ಟ. ಚರ್ಮ ಚುರ್ ಎಂದಿತು.

"ಮಾಸ್ತರಾ!" ಎಂದು ಕೂಗಿ ಮಾಳೇಶ ಎಡಗೈ ಎತ್ತಿದ.

"ಹೊಡಿಯಲೇ, ಹೊಡಿ. ಇಲ್ಲೇ ಹೊಡದ ಬಿಡು, ಮಾವನ ಮನಿ ಹಳದಿಗೆ ಹೋಗೂದ ಬ್ಯಾಡ!"

ಎತ್ತಿದ ಕೈ ಕೊನೆಗೆ ಗಿಟಾರಿಗೆ ಮರಳಿತು. ಆ ದಿನ ಅವನಿಗೆ ಮೊದಲ ಸಲ ಒತ್ತು ಬಿಡಲು ಬಂತು.

ಹಳದಿಯ ದಿನ ಬೆಳಿಗ್ಗೆಯೇ ವಿಠೋಬಾನ ಮನೆಯ ಮುಂದಿನ ಪೆಂಡಾಲ್ ತುಂಬಿತ್ತು. ಡ್ರಮ್ಮಿನಲ್ಲಿ ಅರಿಶಿಣ ನೀರು, ಪರಾತದ ಅಗಲ ತಟ್ಟೆಗಳಲ್ಲಿ ಒಣ ಅರಿಶಿಣ. ಬೆಂಜೋದವನು ಹಾಡು ಎತ್ತಿಕೊಂಡ, ಮಾಳೇಶ ಅದರ ಕೆಳಗೆ ತನ್ನ ಮೂರು ತಂತಿಯ ಆಕಾರಗಳನ್ನು ಹಾಕಿದ. ಒತ್ತು, ಬಿಡು. ಕುಣಿಯುವವರ ಕಾಲಿಗೆ ಹೊಸ ಹುರುಪು ಬಂತು. ಹೆಂಗಸರ ಸಾಲಿನಲ್ಲಿ ನಿಂತ ಅನುಸೂಯಾ ಕೇಳುವ ಕಿವಿಯನ್ನು ಇತ್ತ ತಿರುಗಿಸಿದ್ದನ್ನು ಅವನು ಕಂಡ.

ಅಷ್ಟರಲ್ಲಿ ಭಾವಮೈದುನರು ಸುತ್ತುವರಿದರು. "ದಾಜಿ, ಹಳದಿ!" ಎಂದು ಭಾವನನ್ನು ಕೂಗಿ ಒಬ್ಬ ಬೆನ್ನ ಹಿಂದಿನಿಂದ ಅಂಗಿ ಸೀಳಿದ. ಮಂದಿ ನಕ್ಕರು, ಅದು ಪದ್ಧತಿ. ಮುಷ್ಟಿ ತುಂಬ ಅರಿಶಿಣ ಹಿಡಿದ ಕೈಯೊಂದು ಪಕ್ಕೆಗೆ ಗುದ್ದಿತು. ಅದನ್ನೂ ಮಂದಿ ಪದ್ಧತಿ ಎಂದುಕೊಂಡರು. ಕಣ್ಣಿಗೆ ಒಣ ಪುಡಿ ತುರುಕಿದರು. ಮೊಣಕಾಲ ಹಿಂದೆ ಒದ್ದರು. ಮಾಳೇಶ ಮಂಡಿಯೂರಿ ಬಿದ್ದ, ಬಿದ್ದಲ್ಲೇ ಬಾರಿಸಿದ. ಯಾರದೋ ಮೊಣಕೈ ಬಾಯಿಗೆ ಬಡಿದು ತುಟಿ ಹರಿಯಿತು, ಗದ್ದದ ಅರಿಶಿಣದ ಮೇಲೆ ರಕ್ತ ಇಳಿಯಿತು. ಅವನಿಗೆ ಎಲ್ಲರ ಗಂಟಲನ್ನೂ ಹಿಚುಕಬೇಕೆನಿಸಿತು.

ಲಕ್ಷ್ಮಣ ಬಗ್ಗಿ, ನಗುನಗುತ್ತಲೇ ಅವನ ಕಿವಿಗೆ ಹೇಳಿದ: "ಇದು ನಮ್ಮ ತಂಗಿ ಕಿವಿದು, ದಾಜಿ." ಹೇಳಿದವನೇ ಅಂಗೈ ಅಗಲಿಸಿ ಕಿವಿಯ ಮೇಲೆ ಬಿಟ್ಟ. ಮಾಳೇಶನ ತಲೆಯೊಳಗೆ ಸಿಳ್ಳೆ ಎದ್ದಿತು. ಎಡಗೈ ದಾಂಡಿ ಬಿಟ್ಟು ಮೇಲೆದ್ದಿತು. ಲಕ್ಷ್ಮಣನ ಮೂಗು ಒಂದು ಗೇಣಿನಲ್ಲಿತ್ತು. ಕಟ್ಟೆಯ ಮೇಲಿದ್ದ ವಿಠೋಬಾ ಎದ್ದು ನಿಂತ.

ಬೆಂಜೋ ಹಾಡಿನ ತಿರುವಿಗೆ ಬಂದಿತ್ತು. ಅಲ್ಲಿ ಜಿ ಸೆವೆನ್ ಬೀಳಬೇಕು. ಎದ್ದ ಕೈ ಗಾಳಿಯಲ್ಲಿ ತಡವರಿಸಿ ದಾಂಡಿಗೆ ಮರಳಿ ಆ ಆಕಾರವನ್ನು ಹಿಡಿಯಿತು. ಒತ್ತು, ಬಿಡು. ಲಕ್ಷ್ಮಣ ಇನ್ನೊಂದು ಬಾರಿಸಿದ, ಮತ್ತೊಂದು ಬಾರಿಸಿದ. ಹಾಡು ಮುಗಿಯುವವರೆಗೆ ಮಾಳೇಶನ ಕೈ ಮತ್ತೆ ತಂತಿ ಬಿಟ್ಟು ಏಳಲಿಲ್ಲ.

"ಬಸ್ ಮಾಡ್ರಲೇ, ಸಾಕು!" ಎಂದು ವಿಠೋಬಾ ಗದರಿದ. ಕೆಳಗಿಳಿದು ಬಂದು ಅಳಿಯನನ್ನು ರಟ್ಟೆ ಹಿಡಿದು ಎಬ್ಬಿಸಿದ. "ಗೆದ್ದೆಪಾ ಮಾಳೇಶ. ಅನುಸೂಯಾ, ಅರಬಿ ಗಂಟ ಕಟ್ಟಿಕೊ. ಗಂಡನ ಜೋಡಿ ನಡಿ."

ಅನುಸೂಯಾ ಹೆಂಗಸರ ಸಾಲಿನಿಂದ ಮುಂದೆ ಬಂದಳು. "ಅಪ್ಪಾ, ಈ ಪಂದ್ಯಾ ನನ್ನ ಕೇಳಿ ಇಟ್ಟಿದ್ದೇನು?"

ವಿಠೋಬಾ ಅಳಿಯನ ರಟ್ಟೆ ಬಿಟ್ಟ. ಮಾಳೇಶ ತುಟಿ ಒರೆಸಿಕೊಂಡ. "ನಾ ಕಲತೇನಿ, ಅನುಸೂಯಾ. ನೀ ನೋಡಿದೆಲ್ಲ? ಎಷ್ಟ ಹೊಡದ್ರೂ ಯಾರ ಮ್ಯಾಲೂ ಕೈ ಮಾಡಲಿಲ್ಲ."

"ನೋಡೇನ್ರಿ," ಎಂದಳು ಅವಳು. ಕಣ್ಣು ಅವನ ಮುಖದಿಂದ ಸರಿಯಲಿಲ್ಲ. "ಇಷ್ಟ ದಿನ ನಾ ಏನ ತಿಳಕೊಂಡಿದ್ನಿ ಗೊತ್ತೇನ್ರಿ? ಸಿಟ್ಟು ಬಂದ್ರ ಪಾಪ ಅವರ ಕೈ ಅವರ ಮಾತ ಕೇಳೂದಿಲ್ಲ, ಅವರರೇ ಏನ ಮಾಡ್ಯಾರು ಅಂತ. ಹಂಗ ತಿಳಕೊಂಡ ಎಷ್ಟೋ ಸಲ ಮಾಫ್ ಮಾಡಿದ್ನಿ. ಇವತ್ತ ಕಣ್ಣಾರೆ ನೋಡಿದ್ನಿ. ನಿಮಗ ತಡಕೊಳ್ಳಾಕ ಬರ್ತೈತಿ. ಹಂಗಾರ ಅವತ್ತೂ ಬರ್ತಿತ್ತು."

ಅಷ್ಟು ಏಟು ತಿಂದಾಗ ಬಾರದ ಅಳು ಮಾಳೇಶನಿಗೆ ಆಗ ಬಂತು. ಅನುಸೂಯಾ ಒಳಗೆ ಹೋದಳು, ಊಟಕ್ಕೆ ಎಲೆ ಹಾಕುವುದಿತ್ತು.