ಹಿತ್ತಲ ಸಮುದ್ರ

ನಮ್ಮೂರಿಗೆ ಸಮುದ್ರವಿತ್ತು. ಹೀಗಂದರೆ ಇವತ್ತಿಗೂ ಜನ ನಗುತ್ತಾರೆ. ನಗಲಿ, ನನಗೆ ರೂಢಿಯಾಗಿದೆ.

ಊರು ಹಗರಿಬೊಮ್ಮನಹಳ್ಳಿ ತಾಲೂಕಿನದು, ತುಂಗಭದ್ರಾ ಡ್ಯಾಮಿನ ಹಿನ್ನೀರಿನ ದಂಡೆಯದು. ಊರು ಅಂದರೆ ಮೇಲೆ ದಿಬ್ಬದ ಮೇಲೆ. ಪಂಚಾಯ್ತಿ, ಶಾಲೆ, ಬಸ್ ಸ್ಟ್ಯಾಂಡು, ಮಿರ್ಚಿ ಕರಿಯುವ ಹೋಟೆಲು ಎಲ್ಲವೂ ಅಲ್ಲಿ. ನಾವಿದ್ದದ್ದು ಅಲ್ಲಿಂದ ಎರಡು ಫರ್ಲಾಂಗು ಕೆಳಗೆ, ನೀರಿಗೆ ಆತುಕೊಂಡಿದ್ದ ಓಣಿಯಲ್ಲಿ. ಮೇಲಿನವರು ಅದನ್ನು ಮುಳುಗಡೆ ಓಣಿ ಅನ್ನುತ್ತಿದ್ದರು, ನಮ್ಮನ್ನು ಮುಳುಗಡೆಯವರು. ಮುಳುಗಿದ್ದು ನಮ್ಮ ಹಳೆಯ ಊರು, ನಾವಲ್ಲ. ಆದರೆ ಅದನ್ನು ಬಿಡಿಸಿ ಹೇಳುತ್ತ ಕೂತರೆ ಕೇಳುವ ಪುರಸೊತ್ತು ಯಾರಿಗಿತ್ತು?

ನಮ್ಮ ಓಣಿಯ ಇತಿಹಾಸ ಶುರುವಾಗುವುದು ಒಂದು ಡಂಗುರದಿಂದ. ಡ್ಯಾಮು ಕಟ್ಟುವ ಕಾಲಕ್ಕೆ ಅಧಿಕಾರಿಗಳು ಜೀಪಿನಲ್ಲಿ ಬಂದು, ಊರು ಖಾಲಿ ಮಾಡಿ, ನೀರು ಬರುತ್ತದೆ ಎಂದು ಸಾರಿಸಿದರಂತೆ. ನಮ್ಮಜ್ಜನಂಥವರು ನಂಬಲಿಲ್ಲ. ಹೊಳೆಗೆ ಮಹಾಪೂರ ಬಂದದ್ದು ಅವರು ಎಷ್ಟೋ ಸಲ ನೋಡಿದ್ದರು. ಬಂದಷ್ಟೇ ಬೇಗ ಇಳಿದುಹೋಗುತ್ತಿತ್ತು. 'ಎಷ್ಟು ನೀರು ಬರ್ತೈತ್ರಿ ಸಾಹೇಬ್ರ?' ಎಂದು ಅಜ್ಜ ಕೇಳಿದನಂತೆ. ಕುರ್ಚಿ ಹಾಕಿಸಿಕೊಂಡು ಕೂತಿದ್ದ ಅಧಿಕಾರಿ, ಹಳ್ಳಿಯವರಿಗೆ ತಿಳಿಯಲಿ ಎಂದು, 'ಸಮುದ್ರ ಬಂದಂಗ ಬರ್ತೈತಿ' ಅಂದನಂತೆ.

ಬಂತು. ಆಚೆ ದಂಡೆ ಮಂಜುಮಂಜಾಗಿ ಕಾಣುವಷ್ಟು ನೀರು ಬಂತು. ಮೊದಲೇ ಹೊರಟವರು ದಿಬ್ಬ ಹಿಡಿದರು. ಮನೆ ಹೊಸ್ತಿಲಿಗೆ ನೀರು ತಾಗಿದ ಮೇಲೆ ಎದ್ದ ನಮ್ಮಜ್ಜನಂಥವರಿಗೆ ಇಳಿಜಾರು ಸಿಕ್ಕಿತು. ನಮ್ಮ ಓಣಿ ಹುಟ್ಟಿದ್ದು ಹಾಗೆ, ತಡ ಮಾಡಿದ್ದಕ್ಕೆ. ಮುಂದೆ ಬಾಯಿಂದ ಬಾಯಿಗೆ ಹೋಗುತ್ತ ಆ ಅಧಿಕಾರಿಯ ಮಾತಿನಲ್ಲಿದ್ದ 'ಬಂದಂಗ' ಎಲ್ಲೋ ಉದುರಿಹೋಯಿತು. ಉಳಿದದ್ದು ಸಮುದ್ರ. ನಮ್ಮ ಕಡೆ ಕೆರೆಯಿರುವ ಹಳ್ಳಿಗಳ ಹೆಸರಿಗೂ ಸಮುದ್ರ ಅಂಟಿಕೊಂಡಿರುವುದರಿಂದ ಇದು ಯಾರಿಗೂ ವಿಚಿತ್ರ ಅನ್ನಿಸಲಿಲ್ಲ. ನಾನು ಹುಟ್ಟುವ ಹೊತ್ತಿಗೆ ಓಣಿಯ ಮುದುಕರಿಂದ ಹಿಡಿದು ಕೂಸುಗಳವರೆಗೆ ಎಲ್ಲರಿಗೂ ಅದು ಸಮುದ್ರವೇ. ಅವ್ವ ಸಮುದ್ರಕ್ಕೆ ಅರಿವೆ ಒಗೆಯಲು ಹೋಗುತ್ತಿದ್ದಳು. ಎಮ್ಮೆಗಳು ಸಮುದ್ರದಲ್ಲಿ ಬಿದ್ದುಕೊಂಡಿರುತ್ತಿದ್ದವು.

ಇನ್ನು ಭೂಗೋಳ. ನಮ್ಮ ಓಣಿಯ ಭೂಗೋಳ ಒಂದು ಕಡೆ ನಿಲ್ಲುವಂಥದ್ದಲ್ಲ. ಶ್ರಾವಣದ ಹೊತ್ತಿಗೆ ನೀರು ನಮ್ಮ ಹಿತ್ತಲಿಗೇ ಬಂದು, ಅರಿವೆ ಒಗೆಯುವ ಕಲ್ಲು ಮುಳುಗಿ, ಹಾವು ಚೇಳೆಲ್ಲ ಒಳಗೆ ಬರುತ್ತಿದ್ದವು. ಯುಗಾದಿ ಕಳೆಯುವಷ್ಟರಲ್ಲಿ ಅದೇ ನೀರು ಒಂದು ಮೈಲಿ ಆಚೆ ಸರಿದಿರುತ್ತಿತ್ತು. ನಡುವೆ ಬಿಟ್ಟುಹೋದ ಮೆಕ್ಕಲು ಮಣ್ಣಿನಲ್ಲಿ ಜನ ಸೌತೆ, ಕಲ್ಲಂಗಡಿ, ಜೋಳ ಹಾಕುತ್ತಿದ್ದರು. ಸರ್ಕಾರದ ಜಾಗ, ಪಟ್ಟಾ ಇಲ್ಲ. ನೀರು ಇಳಿದಾಗ ನಮ್ಮದು, ಏರಿದಾಗ ಡ್ಯಾಮಿನದು.

ಆ ಬೆಳೆಗೆ ನೀರೆತ್ತಲು ಡೀಸೆಲ್ ಎಂಜಿನ್ನು ಬೇಕು. ಅವನ್ನು ರಿಪೇರಿ ಮಾಡುತ್ತಿದ್ದವನು ನಮ್ಮಪ್ಪ. ನೀರು ಹಿಂದೆ ಸರಿದಂತೆ ಎಂಜಿನ್ನುಗಳನ್ನು ಬಂಡಿಯ ಮೇಲೆ ಹೇರಿ ಕೆಳಗೆ ಒಯ್ಯಬೇಕು, ಪೈಪು ಸೇರಿಸಬೇಕು. ನೀರು ಬಂದಂತೆ ಮತ್ತೆ ಮೇಲೆ ತರಬೇಕು. ಎಂಜಿನ್ ಇಳಿಸೋದು, ಎಂಜಿನ್ ಏರಿಸೋದು, ಇವೆರಡೇ ನಮ್ಮ ಕ್ಯಾಲೆಂಡರು. ಮೇಲಿನ ಊರಿನಲ್ಲಿ ಯಾರೂ ಲೆಕ್ಕಕ್ಕೆ ಹಿಡಿಯದ ಅಪ್ಪನನ್ನು ದಂಡೆಯ ಮೇಲೆ ಎಲ್ಲರೂ 'ಮೇಸ್ತ್ರಿ, ಬರ್ರಿ' ಎಂದು ಕರೆಯುತ್ತಿದ್ದರು. ಬೇಸಿಗೆಯಲ್ಲಿ ಬೆಳಗಾದರೆ ಅವನು ನನಗೆ ಹೇಳುತ್ತಿದ್ದದ್ದು ಒಂದೇ ಮಾತು: 'ಸಮುದ್ರ ಎಲ್ಲೀತನ ಹೋಗೈತಿ ನೋಡ್ಕೊಂಡು ಬಾ ತಾಯಿ.' ನಾನು ಓಡಿಹೋಗಿ, ಎಷ್ಟು ಪೈಪು ದೂರ ಎಂದು ಹೆಜ್ಜೆ ಹಾಕಿ ಅಳೆದು ಬಂದು ಹೇಳುತ್ತಿದ್ದೆ. ನನ್ನ ಅಳತೆ ಒಮ್ಮೆಯೂ ತಪ್ಪಲಿಲ್ಲ ಎಂದು ಅಪ್ಪ ಎಲ್ಲರೆದುರು ಹೇಳಿಕೊಳ್ಳುತ್ತಿದ್ದ. ನನಗೆ ಹೆಮ್ಮೆಯೋ ಹೆಮ್ಮೆ.

ಮೇಲಿನ ಊರಿನ ಶಾಲೆ ಏಳನೇ ತರಗತಿಗೆ ಮುಗಿಯುತ್ತಿತ್ತು. ಮುಂದೆ ಓದಬೇಕಾದರೆ ಬಸ್ಸಿನಲ್ಲಿ ತಾಲೂಕು ಕೇಂದ್ರ ಬೊಮ್ಮನಹಳ್ಳಿಗೆ ಹೋಗಬೇಕು. ನಮ್ಮ ಓಣಿಯ ಒಂದು ಹುಡುಗಿಯೂ ಆ ಬಸ್ಸು ಹತ್ತಿರಲಿಲ್ಲ. 'ದೊಡ್ಡಾಕಿ ಆದ ಹುಡುಗಿ ಬಸ್ಸಿನ್ಯಾಗ ಜೋತಾಡ್ಕೊಂತ ಹೋಗೋದು ಬ್ಯಾಡ' ಎಂದು ಅವ್ವ ನಾನು ಆರನೇ ತರಗತಿಯಲ್ಲಿರುವಾಗಲೇ ತೀರ್ಪು ಕೊಟ್ಟಿದ್ದಳು. ಉಳಿದ ದಾರಿ ಒಂದೇ. ಆಗ, ತೊಂಬತ್ತರ ದಶಕದ ನಡುವಿನಲ್ಲಿ, ಹುಡುಗಿಯರನ್ನು ಅಲ್ಲೇ ಇಟ್ಟುಕೊಂಡು ಹತ್ತನೆಯವರೆಗೆ ಓದಿಸುವ ವಸತಿ ಶಾಲೆಯೊಂದಕ್ಕೆ ಎಂಟನೇ ತರಗತಿಗೆ ಪರೀಕ್ಷೆ ಮಾಡಿ ಆರಿಸಿಕೊಳ್ಳುತ್ತಿದ್ದರು. ನಮ್ಮ ಮಾಸ್ತರರೇ ಅರ್ಜಿ ತುಂಬಿದರು. ಅಲ್ಲಿ ಸೀಟು ಸಿಕ್ಕರೆ ಓದು, ಇಲ್ಲದಿದ್ದರೆ ಎಮ್ಮೆ, ಸಗಣಿ, ಆಮೇಲೆ ಯಾರದೋ ಮನೆ. ಇದು ನನಗೂ ಗೊತ್ತಿತ್ತು, ಮನೆಯವರಿಗೂ ಗೊತ್ತಿತ್ತು.

ಬರೆಯುವ ಪರೀಕ್ಷೆ ಪಾಸಾದೆ. ಸಂದರ್ಶನಕ್ಕೆ ಕಾಗದ ಬಂತು. ಅಪ್ಪ ಕೈಯ ಗ್ರೀಸು ಹೋಗಲಿ ಎಂದು ಸೀಮೆ ಎಣ್ಣೆ ಹಾಕಿ ತಿಕ್ಕಿ ತಿಕ್ಕಿ ತೊಳೆದು, ಬಿಳಿ ಅಂಗಿ ಹಾಕಿಕೊಂಡು ನನ್ನನ್ನು ಬೊಮ್ಮನಹಳ್ಳಿಗೆ ಕರೆದುಕೊಂಡು ಹೊರಟ. ಬಸ್ಸಿನಲ್ಲಿ ನನ್ನನ್ನು ಕಿಟಕಿ ಪಕ್ಕ ಕೂರಿಸಿ, 'ನಿನಗ ಸೀಟು ಸಿಕ್ಕತಂದ್ರ, ನಮ್ಮ ಓಣ್ಯಾಗ ನಿನ್ನಷ್ಟು ಓದಿದೋರು ಗಂಡಸ್ರಾಗೂ ಇರಂಗಿಲ್ಲ ನೋಡು' ಅಂದ. ಅವನಿಗೆ ನಾನು ಓದುವುದು ಬೇಕಿರಲಿಲ್ಲ ಎಂದು ನಾನು ಯಾವತ್ತೂ ಹೇಳುವುದಿಲ್ಲ. ಬೇಕಿತ್ತು. ಅದಕ್ಕೇ ನನ್ನ ಸಿಟ್ಟು ಇನ್ನೂ ಇಳಿದಿಲ್ಲ.

ಮೂವರು ಕೂತಿದ್ದರು. ಎದುರಿಗೆ ಒಂದು ಕುರ್ಚಿ, ನನ್ನ ಕಾಲು ನೆಲಕ್ಕೆ ಎಟುಕಲಿಲ್ಲ. ತಂದೆ ತಾಯಿ ಬಾಗಿಲ ಬಳಿ ನಿಂತಿರಬಹುದಿತ್ತು, ಅಪ್ಪ ನಿಂತಿದ್ದ. ಮಗ್ಗಿ ಕೇಳಿದರು, ಹೇಳಿದೆ. ನದಿಗಳ ಹೆಸರು ಕೇಳಿದರು, ಹೇಳಿದೆ. ಕರ್ನಾಟಕದ ಪಶ್ಚಿಮಕ್ಕೆ ಏನಿದೆ ಅಂದರು, ಅರಬ್ಬಿ ಸಮುದ್ರ ಎಂದು ಕಣ್ಣು ಮುಚ್ಚಿ ಹೇಳಿದೆ. ನಡುವೆ ಕೂತಿದ್ದವರಿಗೆ ಖುಷಿಯಾಯಿತು. 'ಜಾಣೆ ಇದ್ದೀಯಮ್ಮ' ಎಂದು, ಪ್ರೀತಿಗಾಗಿಯೇ ಇರಬೇಕು, 'ಸಮುದ್ರ ನೋಡಿದ್ದೀಯಾ?' ಅಂದರು.

'ದಿನಾ ನೋಡ್ತೀನ್ರಿ.'

'ದಿನಾ? ಎಲ್ಲಿ?'

'ನಮ್ಮ ಹಿತ್ಲಾಗ ಐತ್ರಿ.'

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅರಬ್ಬಿ ಸಮುದ್ರ ಪುಸ್ತಕದ್ದು, ನಮ್ಮದು ನಮ್ಮದು. ಎರಡು ಬೇರೆ ಬೇರೆ ಸಮುದ್ರ ಇರಬಾರದು ಎಂದು ನನಗೆ ಯಾರೂ ಹೇಳಿರಲಿಲ್ಲ. ಅವರ ಪ್ರಶ್ನೆಯಲ್ಲಿ ಮೋಸವಿದೆ ಅನ್ನಿಸಲೇ ಇಲ್ಲ.

'ಅದರ ನೀರು ಹೇಗಿರುತ್ತಮ್ಮ? ಉಪ್ಪೋ?' ಬಲಕ್ಕಿದ್ದವರು ಕೇಳಿದರು.

'ಇಲ್ರಿ, ಸಿಹಿ ಐತಿ. ನಾವು ಅದನ್ನ ಕುಡೀತೀವ್ರಿ. ಬ್ಯಾಸಿಗ್ಯಾಗ ದೂರ ಹೋಗ್ತೈತಿ, ಶ್ರಾವಣಕ್ಕ ತಿರುಗಿ ಬರ್ತೈತಿ.'

ಅಷ್ಟೇ. ಮೂವರೂ ನಕ್ಕರು. ಒಬ್ಬರಂತೂ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. 'ಬೊಮ್ಮನಹಳ್ಳಿ ತಾಲೂಕಿಗೆ ಸಮುದ್ರ ಬಂದದ್ದು ನಮಗೆ ಗೊತ್ತೇ ಆಗಿಲ್ಲ ನೋಡ್ರಿ' ಎಂದು ಇನ್ನೊಬ್ಬರು ಪಕ್ಕದವರ ಕೈ ತಟ್ಟಿದರು. ಆ ಪದ ನಮಗೆ ಕೊಟ್ಟವನೂ ಇವರಂಥವನೇ ಒಬ್ಬ, ಇಂಥದೇ ಕುರ್ಚಿಯಲ್ಲಿ ಕೂತಿದ್ದವನು. ಅದು ನನಗೆ ಹೊಳೆದದ್ದು ಎಷ್ಟೋ ವರ್ಷದ ಮೇಲೆ. ಆ ಹೊತ್ತಿಗೆ ಹೊಳೆದದ್ದು ಇಷ್ಟೇ: ಅಪ್ಪ ಇದ್ದಾನೆ, ಅವನಿಗೆ ಗೊತ್ತು, ಅವನು ಹೇಳುತ್ತಾನೆ. ತಿರುಗಿ, 'ಅಪ್ಪಾ, ನೀನರ ಹೇಳು' ಅಂದೆ.

ಅಪ್ಪ ನಗುತ್ತಿದ್ದ.

ಅವರಿಗಿಂತ ಜೋರಾಗಿ ನಗುತ್ತಿದ್ದ. ಬಾಗಿಲ ಚೌಕಟ್ಟು ಹಿಡಿದುಕೊಂಡು, 'ಹುಚ್ಚುಡುಗಿ ಐತ್ರಿ ಸಾಹೇಬ್ರ, ಏನೇನರ ಮಾತಾಡ್ತೈತಿ. ಅದು ಡ್ಯಾಮಿನ ಹಿನ್ನೀರ್ರಿ' ಅಂದ. ಹಿನ್ನೀರು ಎಂಬ ಶಬ್ದ ನಾನು ಅವನ ಬಾಯಲ್ಲಿ ಕೇಳಿದ್ದು ಅದೇ ಮೊದಲು.

ಆಮೇಲೆ ಏನು ಕೇಳಿದರೋ, ನಾನು ಒಂದಕ್ಕೂ ಬಾಯಿ ಬಿಡಲಿಲ್ಲ. ಬಸ್ಸಿನಲ್ಲಿ ಅಪ್ಪ ಒಂದು ಮಾತೂ ಆಡಲಿಲ್ಲ. ಮಂಡಕ್ಕಿ ಮಿರ್ಚಿ ಕಟ್ಟಿಸಿಕೊಟ್ಟಿದ್ದ, ಅದು ನನ್ನ ತೊಡೆಯ ಮೇಲೆ ತಣ್ಣಗಾಯಿತು. ತಿಂಗಳ ಮೇಲೆ ಪಟ್ಟಿ ಬಂತು, ನನ್ನ ಹೆಸರಿರಲಿಲ್ಲ. ಸೀಟು ಕಡಿಮೆಯಿದ್ದವು ಎಂದು ಮಾಸ್ತರರು ಹೇಳಿದರು. ಅದೂ ನಿಜವಿರಬಹುದು. ನಮ್ಮ ಮನೆಯಲ್ಲಿ ಮಾತ್ರ ಕಾರಣ ಪಕ್ಕಾ ಆಗಿಹೋಗಿತ್ತು.

ಆವತ್ತಿನಿಂದ ಅಪ್ಪ ಸಮುದ್ರ ಅನ್ನುವುದನ್ನು ಬಿಟ್ಟ. ಹುಟ್ಟಿದಾಗಿನಿಂದ ಹಾಗೇ ಅನ್ನುತ್ತಿದ್ದವನಂತೆ 'ಹಿನ್ನೀರು ಇಳದೈತಿ, ಹಿನ್ನೀರು ಏರೈತಿ' ಎಂದು ಶುರು ಮಾಡಿದ. ಅಷ್ಟಕ್ಕೇ ಬಿಟ್ಟಿದ್ದರೆ ನಾನೂ ಬಿಡುತ್ತಿದ್ದೆ. ಎಂಜಿನ್ನು ಬಿಚ್ಚಿ ಕೂತಾಗ, ಕಾಯುತ್ತಿರುವ ರೈತನಿಗೆ ಹೊತ್ತು ಹೋಗಲಿ ಎಂದು, ಈ ಕಥೆ ತೆಗೆಯುತ್ತಿದ್ದ. ಸಂದರ್ಶನದ ಸಾಹೇಬರ ದನಿ ಒಂದು, ನನ್ನ ಕೀರಲು ದನಿ ಒಂದು, ಎರಡನ್ನೂ ತಾನೇ ಮಾಡಿ ತೋರಿಸುತ್ತಿದ್ದ. 'ಸಿಹಿ ಐತ್ರಿ, ಕುಡೀತೀವ್ರಿ' ಅನ್ನುವಲ್ಲಿಗೆ ಬಂದರೆ ದಂಡೆಯೆಲ್ಲ ನಗು. ಮೇಲಿನ ಊರಿಗೂ ಕಥೆ ಹತ್ತಿತು. ನೀರಿಗೆ ಹೋದರೆ, ಅಂಗಡಿಗೆ ಹೋದರೆ, 'ಏ, ಸಮುದ್ರದಾಕಿ ಬಂದ್ಲು ನೋಡ್ರಲೇ' ಎಂದು ಕರೆಯುತ್ತಿದ್ದರು. ಅದೇ ಓಣಿಯವರು, ಮುಂಜಾನೆ ತಾವೂ ಸಮುದ್ರಕ್ಕೇ ಹೋಗಿ ಬಂದವರು, ಹಲ್ಲು ಕಿಸಿಯುತ್ತಿದ್ದರು.

ಮರುವರ್ಷ ಮಾಸ್ತರರು ಅರ್ಜಿ ಹಿಡಿದು ನಮ್ಮ ಮನೆಗೇ ಇಳಿದು ಬಂದರು. ಇನ್ನೊಂದು ಸಲ ಕೂರಬಹುದು, ಈ ಸಲ ಖಂಡಿತ ಸಿಗುತ್ತದೆ ಅಂದರು. ನಾನು ಒಲ್ಲೆ ಅಂದೆ. ನಾನೇ ಅಂದೆ, ಯಾರೂ ಅನ್ನಿಸಲಿಲ್ಲ. ಆ ಕೋಣೆ, ಆ ಕುರ್ಚಿ, ಬಾಗಿಲಲ್ಲಿ ಅಪ್ಪ. ನನ್ನ ಬಾಯಿಂದ ಇನ್ನೇನು ಹುಚ್ಚು ಮಾತು ಬರುತ್ತದೋ, ನನಗೆ ಗೊತ್ತಿರುವುದರಲ್ಲಿ ಇನ್ನೆಷ್ಟು ಸುಳ್ಳಿದೆಯೋ ಎಂದು ಹೆದರಿಕೆ. ಓಣಿಯಲ್ಲೆಲ್ಲ ದಡ್ಡಿ ನಾನೊಬ್ಬಳೇ ಎಂದು ಗಟ್ಟಿಯಾಗಿ ನಂಬಿದ್ದೆ. ಅಪ್ಪ ಒತ್ತಾಯ ಮಾಡಲಿಲ್ಲ. 'ಅಕಿ ಒಲ್ಲೆ ಅಂದ್ರ ಬ್ಯಾಡ ಬಿಡ್ರಿ ಸರ' ಎಂದು ತಟ್ಟನೆ ಅಂದುಬಿಟ್ಟ. ಮಾಸ್ತರರು ಅರ್ಜಿ ಮಡಚಿ ಕಿಸೆಯಲ್ಲಿಟ್ಟುಕೊಂಡು ದಿಬ್ಬ ಹತ್ತಿದರು.

ಏಳೆಂಟು ವರ್ಷ ನಾನು ಪೈಪು ಹಿಡಿದೆ, ಎಮ್ಮೆ ತೊಳೆದೆ, ಮೆಕ್ಕಲಲ್ಲಿ ಕಲ್ಲಂಗಡಿ ಬಳ್ಳಿ ತಿರುವಿದೆ. ಎರಡು ಸಾವಿರದ ಇಸವಿ ದಾಟಿತ್ತು. ಕೊಟ್ಟೂರಿನಿಂದ ನನ್ನನ್ನು ನೋಡಲು ಗಂಡಿನ ಕಡೆಯವರು ಬಂದರು. ಅವಲಕ್ಕಿ ಕೊಟ್ಟದ್ದಾಯಿತು, ಚಹಾ ತಂದಿಟ್ಟೆ. ಗಂಡಿನ ದೊಡ್ಡಪ್ಪ ಸುಮ್ಮನೆ ಮಾತಿಗೆ, 'ಎಷ್ಟನೇತ್ತೆ ತನ ಓದೀಯವ್ವಾ?' ಎಂದು ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ಅಪ್ಪ ಚಾಪೆಯ ಮೇಲೆ ಮುಂದೆ ಸರಿದು, 'ಅದೊಂದು ದೊಡ್ಡ ಕಥಿ ಐತ್ರಿ ಬೀಗ್ರ' ಎಂದು ಶುರು ಹಚ್ಚಿದ. ಸಾಹೇಬರ ದನಿ, ನನ್ನ ದನಿ. ಅವರೂ ನಗತೊಡಗಿದರು. ಹುಡುಗ ತಲೆ ಬಗ್ಗಿಸಿ ನಗುತ್ತಿದ್ದ.

ತಟ್ಟೆ ನೆಲಕ್ಕಿಟ್ಟೆ. 'ಅಪ್ಪಾ, ಅದನ್ನ ಸಮುದ್ರ ಅಂತ ನನಗ ಹೇಳಿಕೊಟ್ಟೋರು ಯಾರು, ಅದನ್ನೂ ಹೇಳಿಬಿಡು' ಅಂದೆ.

ನಗು ನಿಂತಿತು. ಅವ್ವ ಒಳಗಿನಿಂದ ನನ್ನನ್ನು ಕರೆದಳು, ನಾನು ಹೋಗಲಿಲ್ಲ. ಗಂಡಿನ ದೊಡ್ಡಪ್ಪನೇ ಮಳೆ ಬೆಳೆಯ ಮಾತು ತೆಗೆದು ಪಾರು ಮಾಡಿದ. ಸಂಬಂಧ ಮುರಿಯಲಿಲ್ಲ. ಹುಡುಗಿ ಬಾಯಿ ಜೋರು ಎಂದು ಅಂದುಕೊಂಡೇ ಒಪ್ಪಿದರು.

ಅವರನ್ನು ಬಸ್ಸಿಗೆ ಹತ್ತಿಸಿ ಬಂದ ಅಪ್ಪ ಹಿತ್ತಲಿಗೆ ಬಂದ. ನಾನು ಬೈಗುಳಕ್ಕೆ ತಯಾರಾಗಿದ್ದೆ. ಅವನು ಬೋರಲಿಟ್ಟ ಬುಟ್ಟಿಯ ಮೇಲೆ ಕೂತು, ನನ್ನ ಕಡೆ ನೋಡದೆ ಹೇಳಿದ.

'ನನಗೂ ಅವತ್ತ ಗೊತ್ತಾದದ್ದವ್ವಾ.'

'ಏನು?'

'ಇದು ಸಮುದ್ರ ಅಲ್ಲ ಅಂತ. ಬೊಂಬಾಯ್ದು ಉಪ್ಪಿರತೈತಿ, ನಮ್ಮದು ಸಿಹಿ ಅಂತ ತಿಳಕೊಂಡಿದ್ದೆ. ನೀ ಹೇಳಿದ್ದು ಖರೇನ ಐತಿ ಅಂತ ನಿಂತಿದ್ದೆ. ಅವರು ನಕ್ಕಾಗ ತಿಳೀತು. ನಾ ನಗಲಿಲ್ಲಂದ್ರ ಮೇಸ್ತ್ರೀನೂ ದಡ್ಡ ಅಂತಿದ್ರು. ಹಿನ್ನೀರು ಅನ್ನೋದು ಎಂಜಿನಿಯರ್ ಸಾಹೇಬ್ರ ಬಾಯಾಗ ಕೇಳಿದ್ದೆ, ಅದು ನೆನಪಾತು, ಅಂದುಬಿಟ್ಟೆ.'

ಅವನಿಗೆ ಐವತ್ತು ಹತ್ತಿರವಿತ್ತು. ದಡ್ಡತನಕ್ಕೆ ನನಗೆ ಸಿಟ್ಟು ಬರಲಿಲ್ಲ, ನಾನೂ ಅಷ್ಟೇ ದಡ್ಡಿ. 'ಬಸ್ಸಿನ್ಯಾಗ ಹೇಳಬೇಕಿತ್ತು' ಅಂದೆ.

'ನಾಚಿಕಿ ಬಂತು.'

'ಮರುವರ್ಷ ಮಾಸ್ತರು ಬಂದಾಗ?'

ಮತ್ತೆ ಆ ಬಾಗಿಲಲ್ಲಿ ನಿಲ್ಲುವುದು ಅವನಿಗೂ ಬೇಡವಾಗಿತ್ತು. ತಟ್ಟನೆ 'ಬ್ಯಾಡ ಬಿಡ್ರಿ' ಅಂದದ್ದು ನನಗಾಗಿ ಅಲ್ಲ. ಇಷ್ಟು ವರ್ಷ ನನ್ನ ಕಥೆ ಹೇಳಿ ಹೇಳಿ ನಗಿಸಿದ್ದೂ ಅದಕ್ಕೇ. ಎಲ್ಲರೂ ನನ್ನನ್ನು ನೋಡಿ ನಗುತ್ತಿರುವಷ್ಟು ಹೊತ್ತು ಅವನನ್ನು ಯಾರೂ ನೋಡುತ್ತಿರಲಿಲ್ಲ.

ಅಪ್ಪ ಈಗಿಲ್ಲ. ಮದುವೆಯಾದ ಮೇಲೆ ಕೊಟ್ಟೂರಿನಲ್ಲಿ ಖಾಸಗಿಯಾಗಿ ಹತ್ತನೇ ತರಗತಿ ಕಟ್ಟಿ, ಎರಡನೇ ಸಲಕ್ಕೆ ಪಾಸು ಮಾಡಿದೆ. ನನ್ನ ಓದು ಅಷ್ಟೇ. ಸತ್ತವರ ಬಗ್ಗೆ ಕೆಟ್ಟದ್ದು ಬರೆಯಬಾರದು ಎಂದು ಗಂಡ ಹೇಳುತ್ತಾನೆ. ನಾನು ಕೆಟ್ಟದ್ದು ಬರೆಯುತ್ತಿಲ್ಲ. ಬಸ್ಸು ಬೊಮ್ಮನಹಳ್ಳಿಯಿಂದ ನಮ್ಮೂರು ಮುಟ್ಟಲು ಮುಕ್ಕಾಲು ತಾಸು ಹಿಡಿಯುತ್ತಿತ್ತು. ಅಷ್ಟರಲ್ಲಿ ಒಮ್ಮೆ, ಮಂಡಕ್ಕಿ ತಿನ್ನುತ್ತ, 'ನನಗೂ ಗೊತ್ತಿರಲಿಲ್ಲವ್ವಾ' ಎಂದು ಅವನು ಅಂದಿದ್ದರೆ ಇಬ್ಬರೂ ಕೂಡಿ ನಗುತ್ತಿದ್ದೆವು. ಮರುವರ್ಷ ನಾನು ಆ ಅರ್ಜಿಗೆ ಸಹಿ ಹಾಕುತ್ತಿದ್ದೆ.