ಹತ್ತು ವರ್ಷಕ್ಕೆ ನಾಲ್ಕು ಸಾಲು

ಲಾ ಕಾಲೇಜು ಬಿಟ್ಟು ಹತ್ತು ವರ್ಷ ತುಂಬಿದ ನೆನಪಿಗೆ ಒಂದು ಪುಸ್ತಿಕೆ ತರಬೇಕೆಂದು ಹೊರಟವನು ಮೈಕು. ಕಾಲೇಜಿನಲ್ಲಿ ಯಾವ ಸಮಾರಂಭ ನಡೆದರೂ ಮೈಕು ಅವನ ಕೈಯಲ್ಲೇ ಇರುತ್ತಿದ್ದುದರಿಂದ ಬಂದ ಹೆಸರು. ಈಗ ಬ್ಯಾಚಿನ ವಾಟ್ಸ್‌ಆ್ಯಪ್ ಗುಂಪು ಅವನ ಕೈಯಲ್ಲಿತ್ತು.

"ತಲಾ ನಾಲ್ಕೇ ಸಾಲು ಬರೆದು ಕಳಿಸ್ರಪ್ಪಾ. ಈಗ ಏನ್ ಮಾಡ್ತಿದ್ದೀರಿ, ಏನ್ ಸಾಧಿಸಿದ್ದೀರಿ. ಜೊತೆಗೊಂದು ಫೋಟೊ. ನಗ್ತಾ ಇರೋದು."

ಸಾಲುಗಳು ಬರತೊಡಗಿದವು. ಒಬ್ಬ ದೊಡ್ಡ ಸಂಸ್ಥೆಯಲ್ಲಿ ಪಾಲುದಾರನಾಗಿದ್ದ. ಅವನ ಫೋಟೊದಲ್ಲಿ ಅವನಿಗಿಂತ ಕುರ್ಚಿಯೇ ಎದ್ದು ಕಾಣುತ್ತಿತ್ತು. ಒಬ್ಬಳು ವಕೀಲಿಕೆಗೆ ಕೈಮುಗಿದು ಬೇಕರಿ ತೆರೆದಿದ್ದಳು. ಇಡೀ ಬ್ಯಾಚಿನಲ್ಲಿ ನಿಜವಾಗಿ ನಗುತ್ತಿದ್ದ ಮುಖ ಅವಳದೊಂದೇ. ಮೂರು ಸಲ ಫೇಲಾಗಿದ್ದವನೊಬ್ಬ ಯೂಟ್ಯೂಬಿನಲ್ಲಿ ಲಕ್ಷ ಜನಕ್ಕೆ ಕಾನೂನು ಹೇಳಿಕೊಡುತ್ತಿದ್ದ.

ಕಳಿಸದೆ ಉಳಿದವನು ವಾಯಿದೆ.

ಆ ಹೆಸರನ್ನು ಕಾಲೇಜು ಕೊಟ್ಟದ್ದಲ್ಲ, ಕೋರ್ಟಿನ ಗುಮಾಸ್ತರು ಕೊಟ್ಟದ್ದು. ಹತ್ತು ವರ್ಷದಿಂದ ಒಬ್ಬರೇ ಸೀನಿಯರ್ ಕೈಕೆಳಗೆ ಅವನು ಮಾಡಿಕೊಂಡು ಬಂದದ್ದು ಒಂದೇ ಕೆಲಸ: ಸೀನಿಯರ್ ಬರಲಾಗದ ಕೋರ್ಟಿಗೆ ಹೋಗಿ, ಕೇಸನ್ನು ಮುಂದಿನ ತಾರೀಖಿಗೆ ತಳ್ಳಿಸಿಕೊಂಡು ಬರುವುದು. ಅದಕ್ಕೆಂದೇ ಅವನ ಕರಿ ಕೋಟಿನ ಒಳಜೇಬಿನಲ್ಲಿ ಮೊದಲೇ ಸಹಿ ಮಾಡಿದ ಅರ್ಜಿಗಳ ಒಂದು ಕಟ್ಟು ಸದಾ ಇರುತ್ತಿತ್ತು. 'ಹಿರಿಯ ವಕೀಲರು ಬೇರೆ ನ್ಯಾಯಾಲಯದಲ್ಲಿ ವಾದಿಸುತ್ತಿರುವುದರಿಂದ ವಾಯಿದೆ ಕೋರಿದೆ' ಎಂದು ಅಚ್ಚಾಗಿದ್ದ ಹಾಳೆ. ಕೇಸಿನ ನಂಬರು ತುಂಬಿದರೆ ಆಯಿತು. ವಾದ ಮಾಡುವವರಿಗೆ ಗಂಟಲು ಸವೆಯುತ್ತದೆ, ಅವನಿಗೆ ಜೇಬು ಸವೆದಿತ್ತು. ಅವನ ಅಕ್ಕ ವರ್ಷಕ್ಕೆರಡು ಸಲ ಅದನ್ನು ಹೊಲಿದುಕೊಡುತ್ತಿದ್ದಳು.

"ಬೇರೆ ವಕೀಲರ ಜೇಬು ತುಂಬಿ ಹರಿಯತ್ತಂತೆ, ನಿಂದು ಬರೀ ಹರಿಯತ್ತೆ" ಎಂದು ಭಾವ ನಗುತ್ತಿದ್ದ. ವಾಯಿದೆಯೂ ನಗುತ್ತಿದ್ದ. ಅಕ್ಕನ ಮನೆಯ ಮುಂದಿನ ಕೋಣೆಯಲ್ಲಿ ಮಲಗುವವನು ಭಾವನ ಜೋಕಿಗೆ ನಗದೆ ಇನ್ನೇನು ಮಾಡಿಯಾನು?

ನಾಲ್ಕು ಸಾಲಿಗೆಂದು ಅವನು ಕೂತದ್ದುಂಟು. 'ಪ್ರಸಿದ್ಧ ವಕೀಲರೊಂದಿಗೆ' ಎಂಬಲ್ಲಿಗೆ ಮೊದಲ ಸಾಲು ನಿಂತುಬಿಡುತ್ತಿತ್ತು. ಒಂದೇ ಒಂದು ಪಾಟೀಸವಾಲು ಮಾಡಿದ್ದರೆ, ಕಟಕಟೆಯಲ್ಲಿ ನಿಂತ ಎದುರು ಪಕ್ಷದ ಸಾಕ್ಷಿಯನ್ನು ಒಂದೇ ಒಂದು ಪ್ರಶ್ನೆ ಕೇಳಿದ್ದರೆ, ಎರಡನೇ ಸಾಲು ತಾನಾಗಿ ಬರುತ್ತಿತ್ತೇನೋ.

ಅಂಥ ದಿನವೂ ಬಂತು. ಕೇಸು ಬಣ್ಣದ ಕಾರ್ಖಾನೆಯದು. ಸೀನಿಯರ್ ಕಾರ್ಖಾನೆಯ ಪರ. ಎದುರಿಗೆ, ಅಲ್ಲಿನ ಪುಡಿ ಕೋಣೆಯಲ್ಲಿ ಇಪ್ಪತ್ತಾರು ವರ್ಷ ಬಣ್ಣದ ಪುಡಿ ಜರಡಿ ಹಿಡಿದಿದ್ದ ಮುದುಕ. ಅವನ ಶ್ವಾಸಕೋಶ ಈಗ ಅರ್ಧವೂ ಉಳಿದಿರಲಿಲ್ಲ. ಆ ಕೋಣೆಯಿಂದಲೇ ಈ ರೋಗ ಬಂದದ್ದೆಂದು ಕೋರ್ಟು ಬರೆದುಕೊಡಬೇಕು, ಕೋಣೆ ಮುಚ್ಚಿಸಬೇಕು ಎಂಬುದಷ್ಟೇ ಅವನ ಬೇಡಿಕೆ. ಯಾಕೆಂದರೆ ಅಪ್ಪನ ಜಾಗದಲ್ಲಿ ಈಗ ಅವನ ಮಗನೇ ಅಲ್ಲಿ ಜರಡಿ ಹಿಡಿಯುತ್ತಿದ್ದ. ಮುದುಕ ಸಿಗರೇಟು ಸೇದುತ್ತಿದ್ದ, ರೋಗ ಅದರಿಂದ ಬಂದದ್ದು ಎಂಬುದು ಕಾರ್ಖಾನೆಯ ಮಾತು. ಆ ಕೋಣೆಯಲ್ಲಿ ಅವನ ಜೊತೆ ದುಡಿದವರಲ್ಲಿ ಬದುಕಿ ಉಳಿದು ಸಾಕ್ಷಿ ಹೇಳಬಲ್ಲವನು ಅವನೊಬ್ಬನೇ; ಈಗ ಅಲ್ಲಿ ದುಡಿಯುವವರಿಗೆ ಕೆಲಸ ಹೋಗುವ ಭಯ. ತನ್ನ ಹೇಳಿಕೆಯನ್ನು ಅವನು ಆಗಲೇ ಕೊಟ್ಟಿದ್ದ. ಪಾಟೀಸವಾಲು ಆದರೆ ಆ ಹೇಳಿಕೆಗೆ ತೂಕ ಬರುತ್ತದೆ. ಆಗದಿದ್ದರೆ ಅದು ಬರೀ ಕಾಗದ. ವಾಯಿದೆ ಆ ಕೇಸನ್ನು ಈಗಾಗಲೇ ಐದು ಸಲ ಮುಂದೆ ತಳ್ಳಿದ್ದ.

ಆರನೇ ತಾರೀಖಿನ ಬೆಳಿಗ್ಗೆ ಸೀನಿಯರ್ ಫೋನ್ ಮಾಡಿದರು. "ನಂಗೆ ಹಲ್ಲು ನೋವು ಕಣಯ್ಯಾ, ದವಡೆ ಬಾತ್ಕೊಂಡಿದೆ. ಇವತ್ತು ನೀನೇ ಮುಗಿಸ್ಬಿಡು. ಹನ್ನೊಂದು ಪ್ರಶ್ನೆ ಬರೆದು ಫೈಲಲ್ಲಿಟ್ಟಿದ್ದೀನಿ. ಓದಕ್ಕೆ ಬರತ್ತಲ್ಲ?"

"ಬರತ್ತೆ ಸರ್."

"ಹಾಗಾದ್ರೆ ನೀನೂ ವಕೀಲ."

ಅವನು ದಾರಿಯುದ್ದಕ್ಕೂ ಮೊದಲ ಪ್ರಶ್ನೆಯನ್ನು ಬಾಯಿಪಾಠ ಮಾಡಿದ. 'ನೀವು ಕೆಲಸ ಮಾಡುತ್ತಿದ್ದ ಕೋಣೆಗೆ ಎರಡು ಕಿಟಕಿಗಳಿದ್ದವು, ಸರಿಯೇ?' ಬಸ್ಸಿನಲ್ಲಿ ಪಕ್ಕ ಕೂತಿದ್ದವರು ಸ್ವಲ್ಪ ಸರಿದು ಕೂತರು.

ಕೋರ್ಟು ಮೂರನೇ ಮಹಡಿಯಲ್ಲಿತ್ತು, ಲಿಫ್ಟು ಕೆಟ್ಟಿತ್ತು. ಮುದುಕನನ್ನು ಕುರ್ಚಿ ಸಮೇತ ನಾಲ್ಕು ಜನ ಎತ್ತಿಕೊಂಡು ಬಂದಿದ್ದರು. ಪಕ್ಕದಲ್ಲಿ ಆಮ್ಲಜನಕದ ಸಿಲಿಂಡರ್ ಹಿಡಿದುಕೊಂಡು ಅವನ ಮಗಳು. ನ್ಯಾಯಾಧೀಶರ ಪೀಠದಲ್ಲಿ ಕೂತಿದ್ದವಳು, ಕಾಲೇಜಿನವರ ಬಾಯಲ್ಲಿ ನೋಟ್ಸು. ಅವಳೂ ಬ್ಯಾಚಿನವಳೇ. ಅವಳ ನೋಟ್ಸು ಓದಿಯೇ ಅರ್ಧ ಕ್ಲಾಸು ಪಾಸಾಗಿತ್ತು, ವಾಯಿದೆಯಂತೂ ಪೂರ್ತಿ. ಮೂರು ವರ್ಷ ಒಂದೇ ಬೆಂಚು. ಈಗ ಅವನು ಅವಳನ್ನು ಮೇಡಂ ಎನ್ನುತ್ತಿದ್ದ, ಅವಳು ಅವನನ್ನು ಕೌನ್ಸೆಲ್ ಎನ್ನುತ್ತಿದ್ದಳು. ಇಬ್ಬರೂ ಬೇರೆಡೆ ನೋಡುತ್ತಿದ್ದರು.

ಕೇಸು ಕೂಗಿದರು. ವಾಯಿದೆ ಎದ್ದ. ಸಾಕ್ಷಿಯ ಎದುರು ನಿಲ್ಲಬೇಕಾದವನ ಕಾಲು ದಿನಾ ನಿಲ್ಲುವ ಮೂಲೆಗೇ ಹೋಗಿ ನಿಂತಿತು. ಕೈ ಒಳಜೇಬಿಗೆ ಇಳಿಯಿತು. ಬಾಯಿ ತೆರೆಯಿತು.

"ಸೀನಿಯರ್ ಬೇರೆ ಕೋರ್ಟಲ್ಲಿದ್ದಾರೆ ಮೇಡಂ. ಒಂದು ವಾಯಿದೆ."

ಆಡಿ ಮುಗಿಸಿದ ಮೇಲೆಯೇ ಅವನಿಗೆ ತಾನು ಏನು ಆಡಿದೆನೆಂದು ಗೊತ್ತಾದದ್ದು. ಅರ್ಜಿ ಆಗಲೇ ಗುಮಾಸ್ತನ ಮೇಜಿನ ಮೇಲಿತ್ತು.

ನೋಟ್ಸು ತಲೆಯೆತ್ತಿದಳು. "ಇವತ್ತೂನಾ? ನೀವೇ ಮಾಡಬಹುದಲ್ಲ, ಕೌನ್ಸೆಲ್?"

ಆ ಪ್ರಶ್ನೆಯಲ್ಲಿ ಕಾಲೇಜಿನ ಬೆಂಚಿನ ದನಿ ಇತ್ತು. ಎದುರು ಪಕ್ಷದ ವಕೀಲರು ಎದ್ದು ತಕರಾರು ತೆಗೆಯುವ ಮೊದಲೇ ಮಗಳು ನಿಂತಿದ್ದಳು. "ಅಪ್ಪನ್ನ ಎತ್ಕೊಂಡು ಬಂದಿದ್ದೀವಿ ಮೇಡಂ. ಇನ್ನೊಂದ್ಸಲ ಈ ಮೆಟ್ಟಿಲು ಹತ್ತಿಸಕ್ಕಾಗಲ್ಲ."

ಮುದುಕ ಮಾತ್ರ ವಾಯಿದೆಯನ್ನೇ ನೋಡುತ್ತಿದ್ದ. ಬಿಳಿ ಅಂಗಿ, ಒಪ್ಪವಾಗಿ ಬಾಚಿದ ನಾಲ್ಕು ಕೂದಲು. ಉತ್ತರ ಹೇಳಲು ಬಂದವನು. 'ಮಾಡ್ತೀನಿ ಮೇಡಂ' ಎಂಬ ಎರಡು ಶಬ್ದ ವಾಯಿದೆಯ ಗಂಟಲವರೆಗೆ ಬಂದವು. ತಡವರಿಸಿದರೆ? ಹನ್ನೊಂದರಲ್ಲಿ ಒಂದು ತಪ್ಪಿದರೆ? ಅದೂ ನೋಟ್ಸಿನ ಮುಂದೆ? "ಸೀನಿಯರೇ ಮಾಡ್ಬೇಕು ಮೇಡಂ. ನಂಗೆ ಸೂಚನೆ ಇಲ್ಲ."

ಅದು ಅಭ್ಯಾಸಬಲದಿಂದ ಬಂದ ಮಾತಲ್ಲ. ಅದನ್ನು ಅವನು ಪೂರ್ತಿ ಎಚ್ಚರದಲ್ಲಿ ಹೇಳಿದ.

ನೋಟ್ಸು ಪೆನ್ನು ಎತ್ತಿಕೊಂಡಳು. ಸೀನಿಯರ್ ಹೊರಿಸಿದ್ದನ್ನು ಹೊತ್ತು ನಿಂತಿದ್ದಾನೆ, ಪಾಪ, ಎಂದುಕೊಂಡಳೋ ಏನೋ. "ಕೊನೆಯ ಅವಕಾಶ. ಆರು ವಾರ" ಎಂದು ಬರೆದಳು.

ನಾಲ್ಕೂ ಜನ ಕುರ್ಚಿ ಎತ್ತಿದರು. ಇಳಿಯುವಾಗ ಸಿಲಿಂಡರು ಪ್ರತಿ ಮೆಟ್ಟಿಲಿಗೂ ಠಣ್ ಎನ್ನುತ್ತಿತ್ತು. ಅವನು ಎಣಿಸಬಾರದೆಂದುಕೊಂಡೇ ಎಣಿಸಿದ. ಅರವತ್ತಾರು.

ಮುದುಕ ಹತ್ತೊಂಬತ್ತನೇ ದಿನ ತೀರಿಕೊಂಡ.

ಸುದ್ದಿ ಕೇಳಿ ಸೀನಿಯರ್ ವಾಯಿದೆಯನ್ನು ಛೇಂಬರಿಗೆ ಕರೆಸಿಕೊಂಡರು. ಅವತ್ತು ಹೇಳಿದ ಕೆಲಸ ಮಾಡದೆ ಬಂದದ್ದಕ್ಕೆ ಬೈಸಿಕೊಂಡಾಗಿತ್ತು. ಇವತ್ತು ಏನು ಕಾದಿದೆಯೋ ಎಂದು ಅವನು ಬಾಗಿಲಲ್ಲೇ ನಿಂತ. ಅವರು ಎದ್ದು ಬಂದು ಬೆನ್ನು ತಟ್ಟಿದರು.

"ನಿನ್ನ ಮಂಕು ಅಂದ್ಕೊಂಡಿದ್ದೆನಲ್ಲೋ! ಮುದುಕನ ಉಸಿರು ನೋಡಿಯೇ ನೀನು ವಾಯಿದೆ ಕೇಳಿದ್ದು ತಾನೇ? ಇದು ನಂಗೂ ಹೊಳೀಲಿಲ್ಲ."

"ಇಲ್ಲ ಸರ್, ನಾನು…"

"ಸಾಕು, ಗುಟ್ಟು ಬಿಟ್ಟುಕೊಡಬೇಡ" ಎಂದು ಕಣ್ಣು ಮಿಟುಕಿಸಿದರು. ಹತ್ತು ವರ್ಷದಲ್ಲಿ ಮೊದಲ ಸಲ ಅವನಿಗೆ ಕೂರಲು ಹೇಳಿದರು.

ಮಗಳು ಅಪ್ಪನ ಕೇಸನ್ನು ಮುಂದುವರಿಸಿದಳು. ತೀರ್ಪನ್ನು ನೋಟ್ಸೇ ಓದಿದಳು. ಪಾಟೀಸವಾಲಿಗೆ ಒಳಪಡದ ಹೇಳಿಕೆಯನ್ನು ಒಪ್ಪಲಾಗದು, ಬೇರೆ ಸಾಕ್ಷಿ ಇಲ್ಲ, ಅರ್ಜಿ ವಜಾ. ಓದುವಾಗ ಅವಳು ಹಾಳೆಯಿಂದ ಕಣ್ಣೆತ್ತಲಿಲ್ಲ. ವಾಯಿದೆ ತನ್ನ ಮೂಲೆಯಲ್ಲಿ ನಿಂತು, ಗೆದ್ದವರು ಹೇಗೆ ನಿಲ್ಲುತ್ತಾರೆಂದು ತಿಳಿಯದೆ, ಫೈಲನ್ನು ಎದೆಗೆ ಅವುಚಿಕೊಂಡಿದ್ದ.

ತೀರ್ಪಿನ ನಕಲು ಕೊಡುವ ಕಿಟಕಿಯ ಸಾಲಿನಲ್ಲಿ ಅವನ ಹಿಂದೆ ಮಗಳು ನಿಂತಿದ್ದಳು. ಬೈಯುತ್ತಾಳೆಂದುಕೊಂಡ. ಬೈದಿದ್ದರೆ ಚೆನ್ನಾಗಿತ್ತು.

"ಸರ್, ಅವತ್ತು ಏನ್ ಕೇಳ್ಬೇಕು ಅಂತಿದ್ರಿ?"

"ಅಂದ್ರೆ?"

"ಅಪ್ಪ ತಯಾರಾಗಿದ್ರು. ದಿನಾ ಊಟ ಆದ್ಮೇಲೆ ನಾನೇ ವಕೀಲನ ಥರ ಪ್ರಶ್ನೆ ಕೇಳ್ತಿದ್ದೆ, ಅವರು ಹೇಳ್ತಿದ್ರು. ಕೊನೇ ವಾರದವರೆಗೂ. ನಾವು ಸರಿಯಾದ್ದೇ ಓದಿದ್ವೋ ಇಲ್ವೋ ಅಂತ ಕೇಳ್ದೆ, ಅಷ್ಟೇ."

ಅವನಿಗೆ ಸುಳ್ಳು ಹೊಳೆಯಲಿಲ್ಲ. "ಆ ಕೋಣೆಗೆ ಎರಡು ಕಿಟಕಿ ಇದ್ವಲ್ಲ ಅಂತ."

"ಇದ್ವು" ಎಂದಳು ಅವಳು, ಅಪ್ಪನ ಪರವಾಗಿ ಕಟಕಟೆಯಲ್ಲಿ ನಿಂತವಳಂತೆ. "ಪುಡಿ ಹಾರಿ ಹಾಳಾಗ್ಬಾರ್ದು ಅಂತ ಹೊರಗಡೆಯಿಂದ ಮೊಳೆ ಹೊಡೆದಿದ್ರು. ಈಗ್ಲೂ ಹಾಗೇ ಇವೆ. ತಮ್ಮ ಬೆಳಿಗ್ಗೆ ಏಳಕ್ಕೆ ಹೋಗ್ತಾನೆ."

ಸಾಲು ಮುಂದೆ ಸರಿಯಿತು. ಅವನ ನಕಲು ಮೊದಲು ಬಂತು.

ಆ ಸಂಜೆ ಮೈಕು ಫೋನ್ ಮಾಡಿದ. "ಏನೋ, ಕಾರ್ಖಾನೆ ಕೇಸು ಗೆದ್ಯಂತೆ! ನಿಮ್ಮ ಸೀನಿಯರ್ ಬಾರ್ ರೂಮಲ್ಲಿ ಸಿಕ್ಕ ವಕೀಲರಿಗೆಲ್ಲಾ ಹೇಳ್ಕೊಂಡು ಬಂದಿದ್ದಾರೆ. ಒಂದೂ ಪ್ರಶ್ನೆ ಕೇಳದೆ ಗೆದ್ದವನು ಅಂತ! ಇನ್ನು ನೀನು ಬರೀಬೇಡ ಬಿಡು, ನಿನ್ನ ನಾಲ್ಕು ಸಾಲು ನಾನೇ ಬರೀತೀನಿ."

"ಬೇಡ ಕಣೋ. ಅದು ಹಾಗಲ್ಲ."

"ಮತ್ತೆ ಹೇಗೆ? ಹೇಳು, ಬರ್ಕೋತೀನಿ."

ವಾಯಿದೆ ಬಾಯಿ ತೆರೆದ. ಬಸ್ಸೊಂದು ಹಾರನ್ ಹೊಡೆದುಕೊಂಡು ಹೋಯಿತು. "ಒಂದು ವಾರ ಟೈಮ್ ಕೊಡು" ಎಂದ.

"ಆಗಲ್ಲಪ್ಪಾ, ನಾಳೆ ಬೆಳಿಗ್ಗೆ ಪ್ರೆಸ್ಸಿಗೆ ಹೋಗತ್ತೆ."

ಅವನು ಕೇಳಿದ ಮುಂದೂಡಿಕೆಯನ್ನು ಅಷ್ಟು ಸಲೀಸಾಗಿ ಯಾವ ನ್ಯಾಯಾಧೀಶರೂ ತಳ್ಳಿಹಾಕಿರಲಿಲ್ಲ.

ಪುಸ್ತಿಕೆ ಅಂಚೆಯಲ್ಲಿ ಬಂದ ದಿನ ಅಕ್ಕ ಮತ್ತೆ ಅವನ ಕೋಟಿನ ಜೇಬು ಹೊಲಿಯುತ್ತಿದ್ದಳು. ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು, ಪುಟ ಹುಡುಕಿ, ಗಟ್ಟಿಯಾಗಿ ಓದಿದಳು. "ಮಹತ್ವದ ಕಾರ್ಖಾನೆ ಪ್ರಕರಣದಲ್ಲಿ ತಮ್ಮ ಚಾಣಾಕ್ಷ ನಡೆಯಿಂದ ಜಯ ತಂದುಕೊಟ್ಟು…" ಭಾವ ಪೇಪರು ಕೆಳಗಿಟ್ಟು ಕೇಳಿದ. ಅವತ್ತು ಅವನೂ ಜೋಕು ಮಾಡಲಿಲ್ಲ. ಫೋಟೊ ಹಳೆಯ ಗುಂಪು ಚಿತ್ರದಿಂದ ಕತ್ತರಿಸಿದ್ದು. ಹೆಗಲ ಮೇಲೆ ಇನ್ಯಾರದೋ ಕೈ ಉಳಿದುಕೊಂಡಿತ್ತು.

"ಆ ಸಾಕ್ಷಿಗೆ ಏನ್ ಕೇಳ್ದೆ ಹೇಳೋ, ಅಷ್ಟು ದೊಡ್ಡ ಕೇಸು ಗೆಲ್ಲೋ ಹಾಗೆ?" ಎಂದಳು ಅಕ್ಕ.

"ಏನೂ ಕೇಳ್ಲಿಲ್ಲ ಅಕ್ಕ."

"ನೋಡ್ರೀ" ಎಂದು ಅವಳು ಗಂಡನ ಕಡೆ ತಿರುಗಿ ನಕ್ಕಳು, "ಇವನಿಗೆ ತನ್ನದು ತಾನು ಹೇಳ್ಕೊಳ್ಳೋದೇ ಗೊತ್ತಿಲ್ಲ." ಕೋಟು ನಾಳೆಗೆ ಬೇಕಿತ್ತು. ಮತ್ತೆ ಸೂಜಿ ಎತ್ತಿಕೊಂಡು, ಜೇಬಿನ ಬುಡಕ್ಕೆ ಈ ಸಲ ಎರಡು ಸುತ್ತು ಗಟ್ಟಿಯಾಗಿ ಹೊಲಿದಳು.