ಅಂಟುವಾಳದ ಮೊದಲ ನೊರೆ

ಬೆಳಿಗ್ಗೆ ಏಳಕ್ಕೆ ಹೊಸಪೇಟೆಯಲ್ಲಿ ರೈಲು ಇಳಿದಾಗ ನನ್ನ ಚೀಲದಲ್ಲಿ ಎರಡು ಜೊತೆ ಬಟ್ಟೆ, ಒಂದು ನೋಟುಪುಸ್ತಕ ಮತ್ತು ಅವ್ವನ ಖಾಲಿ ತಗಡಿನ ಡಬ್ಬಿ ಇದ್ದವು. ಆ ಡಬ್ಬಿಯಲ್ಲಿದ್ದಂಥದೇ ಅಂಟುವಾಳ ಕಾಯಿ ಹುಡುಕಲು ನಾಲ್ಕು ದಿನ ರಜೆ ಹಾಕಿ ಬಂದಿದ್ದೆ.

ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ ನಾನು ಸಂಶೋಧನಾ ವಿದ್ಯಾರ್ಥಿನಿ. ಕೆಲವು ಮಕ್ಕಳಿಗೆ ಹುಟ್ಟಿನಿಂದಲೇ ಒಂದು ಜೀನ್ ಕೆಟ್ಟಿರುತ್ತದೆ. ಸರಿಯಾದ ಜೀನನ್ನು, ರೋಗ ತರಲಾರದಂತೆ ಮಾಡಿದ ವೈರಸ್ಸಿನಲ್ಲಿ ತುಂಬಿ ದೇಹಕ್ಕೆ ಕಳಿಸುವುದು ಜೀನ್ ಚಿಕಿತ್ಸೆ. ಆದರೆ ವೈರಸ್ ಜೀವಕೋಶದೊಳಗೆ ಹೊಕ್ಕರೂ ಅಲ್ಲೊಂದು ಸಣ್ಣ ಸಂಚಿಯಲ್ಲಿ ಸಿಕ್ಕಿಕೊಳ್ಳುತ್ತದೆ; ಬಹಳಷ್ಟು ಅಲ್ಲೇ ಹಾಳಾಗುತ್ತವೆ. ಅಂಟುವಾಳದ ನೊರೆಯಲ್ಲಿರುವ ಅಂಶ ಆ ಸಂಚಿಯನ್ನು ಸಡಿಲಿಸಿದರೆ ಕಡಿಮೆ ವೈರಸ್ಸಿನಲ್ಲೇ ಕೆಲಸವಾದೀತು ಎಂಬುದು ನನ್ನ ಊಹೆ.

ತಲೆ ತೊಳೆಯಲೆಂದು ಅವ್ವ ಕೊಟ್ಟಿದ್ದ ಕಾಯಿಂದ ಮೊದಲ ಪ್ರಯೋಗ ನಾನೇ ಮಾಡಿದ್ದೆ. ಜೀವಕೋಶಗಳು ಹಸಿರಾಗಿ ಹೊಳೆದವು. ಹೊಳೆಯುವ ಜೀನ್ ಒಳಗೆ ತಲುಪಿದ್ದಕ್ಕೆ ಅದೇ ಗುರುತು. ಆಮೇಲೆ ಜೊತೆಗಾತಿ ರೇಷ್ಮಾ ನನ್ನ ಟಿಪ್ಪಣಿ ನೋಡಿಕೊಂಡು ಅಂಗಡಿ ಕಾಯಿಂದ ಮೂರು ಸಲ ಮಾಡಿದಳು. ಮೂರು ಸಲವೂ ಜೀವಕೋಶಗಳು ಸತ್ತವು. ಇನ್ನೊಂದು ಸಲ ಸತ್ತರೆ ಈ ವಿಷಯವನ್ನೇ ಬಿಡಬೇಕೆಂದು ಮಾರ್ಗದರ್ಶಕರು ಹೇಳಿದ್ದರು. ಎರಡು ವರ್ಷದ ಕೆಲಸ. ನಮ್ಮ ವಂಶದಲ್ಲಿ ಡಿಗ್ರಿ ಪಡೆದವಳು ನಾನೇ ಮೊದಲು. ಕೂಲಿ ಮುಗಿಸಿ ಬಂದು ದೀಪದ ಎದುರು ಓದಿದ್ದೇನೆ, ಸುಲಭಕ್ಕೆ ಬಿಡುವವಳಲ್ಲ.

ನಮ್ಮೂರು ಪಾಪಿನಾಯಕನಹಳ್ಳಿ ತಲುಪಿದಾಗ ಅವ್ವ ಹೊಲಕ್ಕೆ ಹೊರಟು ನಿಂತಿದ್ದಳು. ಡಬ್ಬಿ ತೋರಿಸಿದೆ.

"ಇದಕ್ಕ ಅಷ್ಟ್ ದೂರದಿಂದ ಬಂದೇನ? ಸಂಡೂರಿನ ಸೋಮ್ಲಿಬಾಯಿ ಕೊಟ್ಟಿದ್ದು. ಮೊದಲ ರೊಟ್ಟಿ ತಿನ್ನು."

ರೊಟ್ಟಿ, ಪುಂಡಿಪಲ್ಯ ತಿಂದು, ಹೊಸಪೇಟೆಗೆ ಮರಳಿ ಸಂಡೂರಿನ ಬಸ್ ಹತ್ತಿದೆ. ಹೊಸಪೇಟೆಯಿಂದ ಸುಮಾರು ಮೂವತ್ತು ಕಿಲೋಮೀಟರ್. ಆಧಾರ್ ತೋರಿಸಿದ್ದಕ್ಕೆ ಸೊನ್ನೆ ರೂಪಾಯಿಯ ಟಿಕೆಟ್. ಅದಿರಿನ ಲಾರಿಗಳ ಹಿಂದೆ ಹೋಗಿ ಇಳಿಯುವಷ್ಟರಲ್ಲಿ ನನ್ನ ಬಿಳಿ ದುಪಟ್ಟಾ ಕೆಂಪಾಗಿತ್ತು. ಗುಡ್ಡದ ಬುಡದ ತಾಂಡಾದಲ್ಲಿ ಸೋಮ್ಲಿಬಾಯಿ ಕಾಯಿ ಒಣಗಿಸುತ್ತಿದ್ದರು. ಇದು ಯಾವ ಗಿಡದ್ದು ಎಂದು ಕೇಳಿದೆ.

"ಅಗಾ, ಅದ ಗಿಡ. ನಿಮ್ಮವ್ವ ಹನುಮಕ್ಕಗೂ ಅದ, ಪ್ಯಾಟಿ ಅಂಗಡಿಗೂ ಅದ. ಕಂಪ್ಲಿ ಹುಲಿಗೆಮ್ಮಗೂ ಅದ."

"ಅಂಗಡಿಗೂ ಇದೇನಾ?"

"ಗಿಡ ಒಂದ. ಚೀಲ ಬ್ಯಾರೆ."

ಗಿಡ ಬೇರೆ ಇರಬೇಕೆಂದು ಎಷ್ಟು ನಂಬಿದ್ದೆ. ಡಬ್ಬಿ ತುಂಬಿಸಿಕೊಂಡೆ. ಅದೇ ಕಾಯಿಯನ್ನು ಬೇರೆ ರೀತಿ ಬಳಸುತ್ತಾರೇನೋ ಎಂದು ಕೇಳಲು ಉಳಿದದ್ದು ಹುಲಿಗೆಮ್ಮ ಒಬ್ಬರೇ.

ಮರುದಿನ ಕಂಪ್ಲಿ. ಬಸ್ಸಿನ ಎರಡೂ ಬದಿ ಭತ್ತ, ಬಾಳೆ. ಫೆಬ್ರುವರಿಯಲ್ಲೇ ಬಿಸಿಲು ಚುರುಕಾಗಿತ್ತು. ನಿಲ್ದಾಣದಲ್ಲಿ ಒಗ್ಗರಣೆ ಮಂಡಕ್ಕಿ, ಮಿರ್ಚಿ ತಿಂದೆ. ಹುಲಿಗೆಮ್ಮ ರೇಷ್ಮೆ ಸೀರೆ ತೊಳೆದುಕೊಡುವ ಹೆಂಗಸು. ಸೀರೆ ಹೇಗೆ ತೊಳೆಯುತ್ತೀರಿ ಎಂದು ಕೇಳಿದ್ದಕ್ಕೆ, "ಹೇಳೂದೇನೈತಿ, ಕುಂದ್ರಿ, ಕೈ ಹಾಕ್ರಿ" ಎಂದು ಕಾಯಿ ನೆನೆಸಿದ ಪಾತ್ರೆಯನ್ನೇ ನನ್ನ ಮುಂದೆ ತಳ್ಳಿದರು. ಕಿವುಚಿದೆ. ನೊರೆ ಬಂತು. ಅದನ್ನು ನೀರಿನ ಸಮೇತ ಬಚ್ಚಲಿಗೆ ಸುರಿದು, ಹೊಸ ನೀರು ಹಾಕಿ ಮತ್ತೆ ಕಿವುಚಿದೆ.

ಹುಲಿಗೆಮ್ಮ ನನ್ನ ಮುಖವನ್ನೇ ನೋಡಿದರು. "ಬೆಂಗಳೂರಾಕಿ ಅಂತೀರಿ, ಇದನ್ನ ಯಾರ ಕಲಿಸಿದ್ರು?"

"ಏನನ್ನ?"

"ಮೊದಲ ನೊರಿ ಚೆಲ್ಲೂದು. ಅದು ಭಾಳ ಖಾರ. ರೇಷ್ಮಿ ಬಣ್ಣ ತಿಂತೈತಿ. ಗೊತ್ತಿಲ್ಲದವರು ಅದರಾಗ ಅದ್ದಿ ಸೀರಿ ಕೆಡಿಸಿಕೊಂಡು ಬರ್ತಾರ."

ಪಾತ್ರೆಯಿಂದ ಕೈ ತೆಗೆದೆ. ಚಿಕ್ಕವಳಿದ್ದಾಗ ಮೊದಲ ನೊರೆ ಕಣ್ಣಿಗೆ ಹತ್ತುತ್ತದೆಂದು ಅವ್ವ ಚೆಲ್ಲುತ್ತಿದ್ದಳು. ಪ್ರಯೋಗಾಲಯದಲ್ಲಿ ಅಂದು ನಾನೂ ಚೆಲ್ಲಿದ್ದೆ. ಉಸಿರಾಡಿದ್ದನ್ನು ಯಾರಾದರೂ ಬರೆದಿಡುತ್ತಾರೆಯೇ? ಇದನ್ನೂ ಬರೆದಿರಲಿಲ್ಲ. ರೇಷ್ಮಾ ನನ್ನ ಟಿಪ್ಪಣಿಯನ್ನು ಅಕ್ಷರಶಃ ಪಾಲಿಸಿ, ಆ ಖಾರದ ನೀರನ್ನೇ ಜೀವಕೋಶಗಳಿಗೆ ಹಾಕಿದ್ದಳು.

ಅಲ್ಲಿಂದಲೇ ಫೋನ್ ಮಾಡಿದೆ. "ಮೊದಲ ನೊರೆ ಚೆಲ್ಲು. ಎರಡನೆಯ ನೀರಿಂದ ಮಾಡು."

"ಇಷ್ಟೇನಾ? ಮೂರು ಸಲ ನನ್ನ ಕೈಲಿ ಕೊಲೆ ಮಾಡಿಸಿದೆಯಲ್ಲೇ," ಎಂದಳು ರೇಷ್ಮಾ. ಅಂದೇ ಸಂಜೆ ಅಂಗಡಿ ಕಾಯಿಂದಲೇ ಶುರುಮಾಡಿದಳು. ಫಲ ತಿಳಿಯಲು ಎರಡು ದಿನ ಬೇಕು.

ಮೂರನೇ ದಿನ ಊರಲ್ಲಿ ಏನು ಮಾಡಿದೆನೋ ನೆನಪಿಲ್ಲ. ಫೋನ್ ಮಾತ್ರ ಕೈಯಲ್ಲಿತ್ತು. ನಾಲ್ಕನೇ ದಿನ ಸೋಮವಾರ. ಅವ್ವ ಕೂಲಿ ಬಿಟ್ಟು ನನ್ನನ್ನು ಹಂಪಿಗೆ ಕರೆದುಕೊಂಡು ಹೋದಳು. ವಿರೂಪಾಕ್ಷನಿಗೆ ಕಾಯಿ ಒಡೆಸಿ, ಹೊಳೆಯ ಮೆಟ್ಟಿಲ ಮೇಲೆ ಬುತ್ತಿ ಬಿಚ್ಚಿದಾಗ ಫೋನ್ ಗುಂಯ್ ಅಂತು. ಕಪ್ಪು ಚಿತ್ರದ ತುಂಬ ಹಸಿರು ಚುಕ್ಕೆಗಳು. ಕೆಳಗೆ ರೇಷ್ಮಾ ಬರೆದಿದ್ದಳು: ಎಲ್ಲಾ ಬದುಕಿವೆ.

ಅವ್ವ ಇಣುಕಿದಳು. "ಏನವ್ವ ಅದು, ಮಿಣುಕುಹುಳಾ?"

ಹೇಳಿದೆ. ಇದು ಇನ್ನೂ ಪ್ರಯೋಗಾಲಯದ ತಟ್ಟೆಯಲ್ಲಿ ಮಾತ್ರ, ಮಗುವೊಂದರ ತನಕ ಹೋಗಲು ಬಹಳ ದೂರ ಇದೆ ಎಂದೂ ಹೇಳಿದೆ. ಅವ್ವ ರೊಟ್ಟಿ ಮುರಿಯುವುದನ್ನು ನಿಲ್ಲಿಸಲಿಲ್ಲ.

"ಮೊದಲ ನೊರಿ ಚೆಲ್ಲಬೇಕು ಅನ್ನೂದು ಗೊತ್ತಾಗಾಕ ಎರಡು ವರ್ಷ ಬೇಕಾತಾ? ಒಂದ್ ಮಾತು ನನ್ನ ಕೇಳಿದ್ರ ಮುಗೀತಿತ್ತು."

ಸಂಜೆ ರೈಲು ಹೊರಟಾಗ ಅವ್ವ ಪ್ಲಾಟ್‌ಫಾರಂ ಮೇಲೆ ನಾಲ್ಕು ಹೆಜ್ಜೆ ಜೊತೆಗೆ ಬಂದಳು. "ಆ ಫೋಟೋ ಕಳಿಸಿದ ಹುಡುಗಿಗೂ ಒಂದ್ ಮುಷ್ಟಿ ಕಾಯಿ ಕೊಡು. ಕಣ್ಣು ಮುಚ್ಚಿಕೊಂಡು ತಲಿ ತೊಳಕೊಳ್ಳಾಕ ಹೇಳು."

ಅವಳು ಮರೆಯಾದ ಮೇಲೆ ನೋಟುಪುಸ್ತಕ ತೆಗೆದು, ಹಳೆಯ ಪುಟದಲ್ಲಿ ಬಿಟ್ಟುಹೋಗಿದ್ದ ಸಾಲನ್ನು ಸೇರಿಸಿದೆ. ಇನ್ನೊಬ್ಬರಿಂದ ಕಲಿತ ವಿಧಾನದ ಪಕ್ಕದಲ್ಲಿ ಅವರ ಹೆಸರು ಇರಲೇಬೇಕು ಎಂಬುದು ನಮ್ಮ ಪ್ರಯೋಗಾಲಯದ ನಿಯಮ. ಹನುಮಕ್ಕ, ಪಾಪಿನಾಯಕನಹಳ್ಳಿ ಎಂದು ಬರೆದೆ.